ನೀಲಿ ಬಳೆ, ಒಣ ನಾಲೆ

ಸಂತೆಬಾಚಹಳ್ಳಿ
9 ಡಿಸೆಂಬರ್ 2024

ಪ್ರೀತಿಯ ಅರ್ಪಿತಾ,

ಇಲಿಯ ಮೆದುಳಿನಲ್ಲಿ ನರದ ಮೇಲಿನ ಹೊದಿಕೆ ಕಳಚಿಹೋದ ಮೇಲೂ ಮತ್ತೆ ಬೆಳೆದಿದೆ. ಬೆಳವಣಿಗೆಗೆ ಒತ್ತು ಕೊಡುವ ಒಂದು ಪ್ರೋಟೀನು ಇದನ್ನು ಮಾಡಿಸಿತು ಎಂದು ಶನಿವಾರದ ಪತ್ರಿಕೆಯ ಒಳಪುಟದಲ್ಲಿ ವರದಿಯಾಗಿದೆ. ಓದಿ ಹೇಳಿದವನು ಅಪ್ಪ. ಡೈರಿಯ ಜಗುಲಿಯ ಮೇಲೆ ಕೂತು, ಹಾಲು ಹಾಕಲು ಬಂದವರಿಗೆಲ್ಲ ಕೇಳುವ ಹಾಗೆ ಓದಿದ. ಸಾಲಿನಲ್ಲಿದ್ದ ಸೋಮಮ್ಮ, "ಇಲಿಗೆ ವಾಸಿಯಾದ್ರೆ ನಮ್ಗೇನ್ ಲಾಭ ಮರಿಯಣ್ಣ, ಇರೋ ರಾಗಿ ಚೀಲನೂ ತೂತು ಮಾಡ್ತವೆ" ಎಂದಳು. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಆ ಸುದ್ದಿಯನ್ನು ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

ಸುದ್ದಿಯಲ್ಲಿ ಪುಣೆ ಎಂದಿತ್ತು. ನೀನು ಕೆಲಸ ಮಾಡುವ ಪ್ರಯೋಗಾಲಯವೇ ಅದು? ಚಿಕ್ಕಪ್ಪನನ್ನು ಕೇಳೋಣವೆಂದರೆ ಶ್ರೀರಂಗಪಟ್ಟಣದಲ್ಲಿ ಕೂತ ಅವರಿಗೆ ಮಗಳು ಅಲ್ಲಿ 'ಏನೋ ಇಲಿ ಕೆಲಸ' ಮಾಡುತ್ತಾಳೆ ಎಂಬುದಷ್ಟೇ ಗೊತ್ತು.

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಆಗಸ್ಟಿನಲ್ಲಿ ಬಲಗಣ್ಣು ಮಂಜಾಯಿತಲ್ಲ, ಅದು ಪೂರ್ತಿ ತಿಳಿಯಾಗಿಲ್ಲ. ಫೋನಿನ ಬೆಳಕು ಚುಚ್ಚುತ್ತದೆ. ಮಾತಾಡೋಣವೆಂದರೆ ಅವ್ವ ಫೋನು ಕಿತ್ತುಕೊಂಡು ಅಳುತ್ತಾಳೆ. ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆಯಬಲ್ಲೆ. ನೀನು ಬರೆದರೆ ಅಪ್ಪ ಓದಿ ಹೇಳುತ್ತಾನೆ.

ಕಣ್ಣಿನ ನಂತರ ಎಡಗಾಲು ಹಿಡಿಯಿತು. ಹತ್ತಿ ಸುತ್ತಿದ ಕಾಲಿನಲ್ಲಿ ನಡೆದ ಹಾಗೆ. ನೆಲ ಎಲ್ಲಿದೆ ಎಂದು ಒಂದು ಕ್ಷಣ ತಡವಾಗಿ ತಿಳಿಯುತ್ತದೆ. ಮೈಸೂರಿನ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯ ಕಾವಲಿನ ಪಡೆಯೇ ನರದ ಹೊದಿಕೆಯನ್ನು ತಿನ್ನುತ್ತದಂತೆ. ಮಾತ್ರೆ ಕೊಟ್ಟಿದ್ದಾರೆ. ಅದು ಇನ್ನು ಮುಂದೆ ತಿನ್ನದಂತೆ ತಡೆಯುತ್ತದೆ, ತಿಂದದ್ದನ್ನು ಕಟ್ಟಿಕೊಡುವುದಿಲ್ಲ.

ನನಗೆ ಬೇಕಾದದ್ದು ಒಂದೇ. ಮನೆಯಿಂದ ಡೈರಿಗೆ ನಾಲೆ ಏರಿಯ ಮೇಲೆ ನನ್ನ ಕಾಲಲ್ಲೇ ನಡೆದುಹೋಗಬೇಕು, ಹಾಲಿನ ಮಿಷನ್ನಿನ ಮುಂದೆ ನಿಲ್ಲಬೇಕು. ನೀನು ಡೈರಿಯ ಕಾರ್ಯದರ್ಶಿ, ಕುರ್ಚಿ ಹಾಕಿಕೊಂಡು ಕೂರಬಹುದು ಎಂದು ಊರವರು ಹೇಳುತ್ತಾರೆ. ಕೂತರೆ ಎದ್ದೇಳುತ್ತೇನೋ ಇಲ್ಲವೋ ಎಂಬ ಭಯ.

ಆ ಪ್ರೋಟೀನು ನಮ್ಮ ತನಕ ಬರುವುದು ಯಾವಾಗ? ಇದ್ದದ್ದನ್ನು ಇದ್ದ ಹಾಗೆ ಬರೆ.

ನಿನ್ನ ಅಕ್ಕ
ಹೇಮಶ್ರೀ

•

ಪುಣೆ
20 ಡಿಸೆಂಬರ್ 2024

ಹೇಮಕ್ಕ,

ಹೌದು, ಅದು ನಮ್ಮ ಪ್ರಯೋಗಾಲಯವೇ. ಇಲಿಯ ಮೆದುಳನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಎಣಿಸುವುದು ನನ್ನ ಕೆಲಸ. ಪತ್ರಿಕೆಯವರು ನಾಲ್ಕು ಸಾಲಿನಲ್ಲಿ ಬರೆದಿರುವುದು ನಮ್ಮ ಎರಡು ವರ್ಷದ ದುಡಿಮೆ. ಬರೆದದ್ದು ತಪ್ಪಲ್ಲ. ಆದರೆ ಅದು ಇಲಿ, ಎಳೆಯ ಪ್ರಾಯದ ಇಲಿ. ಮನುಷ್ಯರಿಗೆ ಇನ್ನೂ ಕೊಟ್ಟಿಲ್ಲ. ಕೊಡುವ ಮೊದಲು ಬೇಕಾದಷ್ಟು ಮೆಟ್ಟಿಲುಗಳಿವೆ. ಬೆಳೆಸುವ ಪ್ರೋಟೀನು ಬೇಡದ್ದನ್ನೂ ಬೆಳೆಸೀತು ಎಂಬ ಅಂಜಿಕೆಯೂ ಇದೆ. ಆದ್ದರಿಂದ ಈಗಿನ ಮಾತ್ರೆಯನ್ನು ಒಂದು ದಿನವೂ ಬಿಡಬೇಡ.

ದೊಡ್ಡಪ್ಪ ಓದುತ್ತಾರೆ ಎಂದೆಯಲ್ಲ, ಅವರಿಗೆ ತಿಳಿಯುವ ಹಾಗೆ ಹೇಳುತ್ತೇನೆ. ನರವನ್ನು ಹೇಮಾವತಿ ನಾಲೆ ಎಂದುಕೊಳ್ಳಿ. ಮೆದುಳು ಅಣೆಕಟ್ಟು. ಅಲ್ಲಿಂದ ಬಿಟ್ಟ ನೀರು ಕಾಲಿನ ಬೆರಳಿಗೆ, ಅಂದರೆ ಕೊನೇ ಭಾಗದ ಗದ್ದೆಗೆ ಮುಟ್ಟಬೇಕು. ನಾಲೆಗೆ ಒಳಗಿನಿಂದ ಸಿಮೆಂಟಿನ ಲೈನಿಂಗ್ ಇರುತ್ತದಲ್ಲ, ನರದ ಮೇಲಿನ ಹೊದಿಕೆ ಅಂಥದ್ದು. ಮಯಲಿನ್ ಎನ್ನುತ್ತೇವೆ. ಬಹುಪಾಲು ಕೊಬ್ಬು, ಹಾಲಿನ ಫ್ಯಾಟು ನೋಡುವ ನಿನಗೆ ಅದರ ಬಿಳುಪು ಗುರುತು ಸಿಕ್ಕೀತು. ಲೈನಿಂಗ್ ಕಿತ್ತುಹೋದ ಕಡೆ ನೀರು ಇಂಗುತ್ತದೆ, ಕೊನೆಗೆ ಮುಟ್ಟುವುದು ತಡವಾಗುತ್ತದೆ.

ವಿಚಿತ್ರವೆಂದರೆ, ಗಾರೆ ಕೆಲಸದವರು ಆಗಲೇ ಅಲ್ಲಿಗೆ ಬಂದಿರುತ್ತಾರೆ. ಹೊದಿಕೆ ಕಟ್ಟಬಲ್ಲ ಎಳೆಯ ಜೀವಕೋಶಗಳು ಒಡೆದ ಜಾಗದ ಸುತ್ತ ಸೇರಿ ಸುಮ್ಮನೆ ಕೂತಿರುತ್ತವೆ. ಕೆಲಸ ಶುರುಮಾಡಿ ಎಂದು ಹೇಳುವವರಿಲ್ಲ. ನಮ್ಮ ಪ್ರೋಟೀನು ಹಾಗೆ ಹೇಳಲು ಬಂದ ಇಂಜಿನಿಯರು.

ಇಷ್ಟು ಓದಿ ದೊಡ್ಡಪ್ಪ ಏನೆಂದರು, ಬರೆ. ದೊಡ್ಡಮ್ಮನಿಗೆ ಅಳಬೇಡ ಎನ್ನು.

ಅರ್ಪಿತ

•

ಸಂತೆಬಾಚಹಳ್ಳಿ
12 ಜನವರಿ 2025

ಅರ್ಪಿತಾ,

ನಾಲೆಯ ನೀರು ಕಳೆದ ವಾರ ನಿಂತಿತು. ಈಗ ತಳದಲ್ಲಿ ಅಲ್ಲಲ್ಲಿ ಗುಂಡಿ ನೀರು, ಅದರಲ್ಲಿ ಬೆಳ್ಳಕ್ಕಿಗಳು. ಲೈನಿಂಗ್ ಕೆಲಸದ ಗುತ್ತಿಗೆಯವರು ಜಲ್ಲಿ ತಂದು ಸುರಿದಿದ್ದಾರೆ.

ನಿನ್ನ ಕಾಗದವನ್ನು ಅಪ್ಪ ನಿಂತುಕೊಂಡು ಓದಿದ. ಅರ್ಧಕ್ಕೆ ನಿಲ್ಲಿಸಿ, "ದ್ಯಾವಿ, ಬಾ ಇಲ್ಲಿ, ಕೇಳು" ಎಂದು ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಮತ್ತೆ ಮೊದಲಿನಿಂದ ಓದಿದ. ತೂಬು ಎತ್ತಿ ಇಳಿಸುವ ಸೌಡಿ ಕೆಲಸದಲ್ಲಿ ಆಯುಸ್ಸು ಕಳೆದವನಿಗೆ ಮಗಳ ಕಾಯಿಲೆ ಮೊದಲ ಸಲ ಅರ್ಥವಾಯಿತು. ಡಾಕ್ಟರು ಚಿತ್ರ ತೋರಿಸಿದಾಗ ತಲೆಯಾಡಿಸಿ ಬಂದವನು, ಈಗ "ಇಷ್ಟೇಯಾ? ಇದು ನಮ್ ಕೆಲ್ಸ ಕಣಮ್ಮಿ" ಎಂದ. ಅವನ ಮುಖದಲ್ಲಿ ಅಂಥ ಬೆಳಕು ಕಂಡು ತಿಂಗಳುಗಳಾಗಿದ್ದವು.

ನಾನು ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸಿಲ್ಲ. ಸ್ವಲ್ಪ ವಿಶ್ರಾಂತಿಯಲ್ಲಿದ್ದೇನೆ. ಡೈರಿಯನ್ನು ಸದ್ಯಕ್ಕೆ ನನ್ನ ಸಹಾಯಕಿ ಅನು ನೋಡಿಕೊಳ್ಳುತ್ತಾಳೆ. ಅಪ್ಪ ಒಂದು ಲೆಕ್ಕಾಚಾರ ಮಾಡಿದ್ದಾನೆ, ಫಲ ಕಂಡ ಮೇಲೆ ಬರೆಯುತ್ತೇನೆ.

ನಡುಮಧ್ಯಾಹ್ನ ಕಣ್ಣು ಹತ್ತಿದರೆ ಒಂದೇ ಕನಸು. ಖಾಲಿ ನಾಲೆಯ ತಳದಲ್ಲಿ ಬರಿಗಾಲಲ್ಲಿ ನಡೆಯುತ್ತಿರುತ್ತೇನೆ. ಎರಡೂ ಕಡೆ ಗೋಡೆ ಎತ್ತರ, ಮೇಲೆ ಉದ್ದಕ್ಕೆ ಒಂದು ಪಟ್ಟಿ ಆಕಾಶ. ಕಾಲಿಗೆ ತಂಪು ತಿಳಿಯುತ್ತದೆ. ಎಡಗಾಲಿಗೂ. ದೂರದಲ್ಲಿ ಗಾರೆಯವರು ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾರೆ. "ಶುರು ಮಾಡ್ರಪ್ಪ" ಎಂದು ಕೂಗುತ್ತೇನೆ. ಅವರು ಬಾಯಿ ಒರೆಸಿಕೊಂಡು ನಿಧಾನವಾಗಿ ಎದ್ದೇಳುತ್ತಾರೆ. ಅಷ್ಟರಲ್ಲಿ ಎಚ್ಚರ.

ಹಬ್ಬಕ್ಕೆ ಎಳ್ಳು ಬೆಲ್ಲ ಕಳಿಸೋಣವೆಂದರೆ ಅವ್ವ, "ಪುಣೆ ಸೇರೋ ವೊತ್ಗೆ ಇರುವೆ ಪಾಲು" ಎಂದಳು. ನಿನ್ನ ಪಾಲು ಡಬ್ಬಿಯಲ್ಲಿದೆ.

ಹೇಮಶ್ರೀ

•

ಪುಣೆ
3 ಫೆಬ್ರುವರಿ 2025

ಹೇಮಕ್ಕ,

ನೀನು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೀ ಎಂದು ತಿಳಿದು ಸಮಾಧಾನವಾಯಿತು. ಬೆಳಗ್ಗೆ ಸಂಜೆ ಆ ಕ್ಯಾನುಗಳ ನಡುವೆ ಓಡಾಡಿ ದಣಿದಿದ್ದೆ. ದಣಿವು ಈ ಕಾಯಿಲೆಯ ಭಾಗವೇ. ಮಲಗಬೇಕೆನಿಸಿದಾಗ ಮಲಗು, ನಾಚಿಕೆ ಬೇಡ.

ನಿನ್ನ ಕನಸಿನ ಬದಲಿಗೆ ನಾನು ಹಗಲಲ್ಲೇ ನೋಡುವುದನ್ನು ಹೇಳುತ್ತೇನೆ. ನರವನ್ನು ಅಡ್ಡಲಾಗಿ ಕತ್ತರಿಸಿ ನೀಲಿ ಬಣ್ಣ ಹಾಕಿ ನೋಡಿದರೆ, ಒಂದೊಂದು ಎಳೆಯ ಸುತ್ತಲೂ ಒಂದೊಂದು ನೀಲಿ ಬಳೆ. ನೂರಾರು ಬಳೆ, ಒಂದಕ್ಕೊಂದು ಒತ್ತಿಕೊಂಡು, ಸಂತೆಯಲ್ಲಿ ಬಳೆಯವನು ಚಾಪೆಯ ಮೇಲೆ ಹರಡಿದ ಹಾಗೆ. ಹೊದಿಕೆ ಕಳಚಿದ ಜಾಗದಲ್ಲಿ ಬಳೆಯಿಲ್ಲ, ಬರಿಗೈ. ಪ್ರೋಟೀನು ಕೊಟ್ಟ ಇಲಿಯಲ್ಲಿ ಆ ಬರಿಗೈಗಳ ಸುತ್ತ ಮತ್ತೆ ಬಳೆ ಬಂದಿದೆ. ಹಳೆಯ ಬಳೆಗಿಂತ ತೆಳು. ಮತ್ತೆ ಕಟ್ಟಿದ ಹೊದಿಕೆ ಯಾವಾಗಲೂ ಸ್ವಲ್ಪ ತೆಳುವಾಗಿಯೇ ಇರುತ್ತದೆ. ಆದರೂ ಸುದ್ದಿ ಸಾಗುತ್ತದೆ.

ನೋಡುತ್ತ ನೋಡುತ್ತ ಕೆಲವೊಮ್ಮೆ ನಾನು ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತ ಹಾಗಾಗುತ್ತದೆ. ಕಾವೇರಿಯ ನೀರಿನಲ್ಲಿ ಮಳೆಹನಿ ಬಿದ್ದು ಉಂಗುರಗಳು ಏಳುತ್ತಿವೆ, ಒಂದೂ ಕರಗುತ್ತಿಲ್ಲ.

ಈಗ ಎರಡನೆಯ ಪ್ರಯೋಗ ನಡೆಯುತ್ತಿದೆ. ಇವು ವಯಸ್ಸಾದ ಇಲಿಗಳು. ಕಾಯಿಲೆಯವರೆಲ್ಲ ಎಳೆಯರಲ್ಲವಲ್ಲ, ಅದಕ್ಕೆ. ಮಾರ್ಚಿನಲ್ಲಿ ಎಣಿಕೆ.

ಅರ್ಪಿತ

•

ಸಂತೆಬಾಚಹಳ್ಳಿ
2 ಮಾರ್ಚ್ 2025

ಅರ್ಪಿತಾ,

"ನೋಡ್ದಾ? ಅವ್ಳೂ ಮಲಗು ಅಂತಾವ್ಳೆ" ಎಂದು ಅಪ್ಪ ನಿನ್ನ ಕಾಗದವನ್ನು ಅವ್ವನ ಮುಖಕ್ಕೆ ಹಿಡಿದ. ಅವ್ವನಿಗೆ ಓದು ಬಾರದು, ಆದರೂ ಕಾಗದವನ್ನು ತಿರುಗಿಸಿ ನೋಡಿ ಕೊಟ್ಟಳು.

ಬಳೆಯ ಮಾತು ನನ್ನನ್ನು ಹಿಡಿದುಬಿಟ್ಟಿದೆ. ಈಗ ಕನಸಿಗೆ ಬಳೆಯವನೇ ಬರುತ್ತಾನೆ. ಪಡಸಾಲೆಯಲ್ಲಿ ಮಂಚದ ಕಾಲ ಬಳಿ ಕೂತು, ಕೈಗಲ್ಲ, ನನ್ನ ಎಡಗಾಲಿಗೆ ಬಳೆ ಏರಿಸುತ್ತಾನೆ. ನೀಲಿ ಗಾಜಿನವು. ಪಾದದಿಂದ ಮೊಣಕಾಲಿನವರೆಗೆ ಒಂದರ ಮೇಲೊಂದು. "ಕಾಲು ಅಲ್ಲಾಡಿಸ್ಬೇಡವ್ವ, ಒಡ್ದೋಯ್ತವೆ" ಎನ್ನುತ್ತಾನೆ. ನಾನು ಅಲ್ಲಾಡಿಸುವುದಿಲ್ಲ. ಎದ್ದ ಮೇಲೂ ಬಹಳ ಹೊತ್ತು ಅಲ್ಲಾಡಿಸುವುದಿಲ್ಲ.

ದಿನಗಳು ಹಾಲಿನ ಕೆನೆಯಂತೆ ಮೆಲ್ಲಗೆ ಕಟ್ಟುತ್ತವೆ. ಹೊರಗೆ ನಾಲೆಯ ಕಡೆಯಿಂದ ಕಾಂಕ್ರೀಟು ಕಲೆಸುವ ಮಿಷನ್ನಿನ ಸದ್ದು. ಅದು ನಿಂತರೆ ಊರೇ ಉಸಿರು ಹಿಡಿದ ಹಾಗೆ. ಕೆಲಸ ಎಲ್ಲಿಗೆ ಬಂತು ಎಂದು ಅಪ್ಪ ಸಂಜೆ ಬಂದು ಹೇಳುತ್ತಾನೆ. ಆಮೇಲೆ ನನ್ನ ಕಾಲನ್ನು ನೋಡುತ್ತಾನೆ.

ನಿಮ್ಮ ಭಾವ ಮಾತು ಕಡಿಮೆ ಮಾಡಿದ್ದಾರೆ. ಬಸ್ಸಿನ ಕೆಲಸ ಮುಗಿಸಿ ಬಂದು ಮಂಚದ ಪಕ್ಕ ಕೂರುತ್ತಾರೆ, ಟಿಕೆಟ್ ಮಿಷನ್ನಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ. ಏನು ಎಂದರೆ ಏನಿಲ್ಲ ಎನ್ನುತ್ತಾರೆ.

ಮುದಿ ಇಲಿಗಳಿಗೂ ಬಳೆ ಬಂತೆ?

ಹೇಮಶ್ರೀ

•

ಪುಣೆ
8 ಏಪ್ರಿಲ್ 2025

ಹೇಮಕ್ಕ,

ಉತ್ತರ ತಡವಾಯಿತು. ಇಲ್ಲಿ ಕೆಲಸ ಹೆಚ್ಚು. ಎರಡನೆಯ ತಂಡದ ಎಣಿಕೆ ಇನ್ನೂ ಮುಗಿದಿಲ್ಲ.

ಒಂದು ವಿಷಯ ಕೇಳಬೇಕು. ನಿನ್ನ ಮೊದಲ ಕಾಗದದ ಮೇಲೆ ಸಂತೆಬಾಚಹಳ್ಳಿ ಅಂಚೆಯ ಮುದ್ರೆ ಇತ್ತು. ಆಮೇಲಿನ ಎರಡರ ಮೇಲೂ ಶ್ರೀರಂಗಪಟ್ಟಣದ ಮುದ್ರೆ ಇದೆ. ನಮ್ಮೂರಿನ ಮುದ್ರೆ ಕಂಡು ಮೊದಲು ಖುಷಿಪಟ್ಟೆ. ಆಮೇಲೆ ಯೋಚಿಸಿದೆ. ಡೈರಿಯ ಗೋಡೆಗೇ ಅಂಚೆಪೆಟ್ಟಿಗೆ ಇದೆ, ನೀನೇ ಹಾಕುತ್ತಿದ್ದೆ. ಈಗ ಶಂಕರ್ ಭಾವ ಬಸ್ಸಿನಲ್ಲಿ ಒಯ್ದು ಪಟ್ಟಣದಲ್ಲಿ ಹಾಕುತ್ತಿದ್ದಾರೆ ಅಲ್ಲವೇ?

ಡೈರಿಗೆ ಹೋಗುವುದನ್ನು ಬಿಟ್ಟಿದ್ದೀಯಾ? ನಡೆಯುತ್ತಿದ್ದೀಯೋ ಇಲ್ಲವೋ? ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ರಮ್ಯ ಏನನ್ನುತ್ತಾರೆ? ಕನಸು ಬೇಡ ಅಕ್ಕ, ಈ ಸಲ ಇದಕ್ಕಷ್ಟೇ ಉತ್ತರ ಬರೆ.

ಅರ್ಪಿತ

•

ಸಂತೆಬಾಚಹಳ್ಳಿ
17 ಏಪ್ರಿಲ್ 2025

ಅರ್ಪಿತಾ,

ನಡೆಯುತ್ತಿಲ್ಲ. ಜನವರಿಯಿಂದ ಮಂಚದ ಮೇಲಿದ್ದೇನೆ.

ಕೋಪಿಸಿಕೊಳ್ಳುವ ಮೊದಲು ಪೂರ್ತಿ ಓದು. ನಿನ್ನ ಮೊದಲ ಕಾಗದ ಬಂದ ದಿನ ಅಪ್ಪ ಒಂದು ಪ್ರಶ್ನೆ ಕೇಳಿದ. "ನಾಲೆ ಲೈನಿಂಗ್ ಮಾಡ್ಬೇಕಾದ್ರೆ ಮೊದ್ಲು ಏನ್ ಮಾಡ್ತಾರೆ ಯೋಳು?" ನಾನು, "ನೀರು ನಿಲ್ಲಿಸ್ತಾರೆ" ಎಂದೆ.

"ಅಷ್ಟೇ ಕಣಮ್ಮಿ. ನೀರ್ ಅರೀತಿದ್ರೆ ಸಿಮೆಂಟು ನಿಂತದಾ? ಕಲ್ಸಿದ್ ಕಲ್ಸಿದಂಗೆ ಕೊಚ್ಕೊಂಡ್ ಓಯ್ತದೆ. ನೀನ್ ನಡುದ್ರೆ ನರದಾಗೆ ನೀರ್ ಬುಟ್ಟಂಗೆ. ಗಾರೆಯವ್ರು ಕುಂತವ್ರೆ ಅಂತ ಬರ್ದವ್ಳಲ್ಲ, ಯಾಕ್ ಕುಂತವ್ರೆ? ನೀನ್ ನೀರ್ ನಿಲ್ಲುಸ್ಲಿ ಅಂತ ಕಾಯ್ತಾವ್ರೆ."

ಅವ್ವ, "ಡಾಕ್ಟ್ರು ನಡೀಬೇಕು ಅಂದವ್ರೆ" ಎಂದಳು. ಅಪ್ಪ, "ಡಾಕ್ಟ್ರು ಯಾವತ್ ನಾಲೆ ರಿಪೇರಿ ಮಾಡ್ಸವ್ರೆ?" ಎಂದ.

ನಗು ಬಂತು. ಆದರೆ ನನಗೂ ಅದು ಸರಿಯೆನಿಸಿತು. ನಾಲೆ ನಿಂತ ವಾರವೇ ನಾನೂ ನಿಂತೆ. ನಾಲೆಗೆ ನೀರು ಬಿಡುವವರೆಗೆ ಕಾಲಿಗೂ ರಜೆ ಎಂದು ಅಪ್ಪ ಗೊತ್ತುಮಾಡಿದ. ಬಚ್ಚಲಿಗೆ ಹೋಗುವಾಗಲೂ ಅವ್ವ ಮತ್ತು ನಿಮ್ಮ ಭಾವ ಎತ್ತಿಕೊಂಡ ಹಾಗೆ ಒಯ್ಯುತ್ತಾರೆ. ರಮ್ಯ ಎರಡು ಸಲ ಫೋನು ಮಾಡಿದರು. ಊರಿಗೆ ಹೋಗಿದ್ದಾಳೆ ಎಂದು ಹೇಳಿಸಿದೆ.

ಮೊದಮೊದಲು ಹಿತವಾಗಿತ್ತು. ಕಾಲು ಮೌನವಾಗಿತ್ತು. ಒಳಗೆ ಕೆಲಸ ನಡೆಯುತ್ತಿದೆ ಎಂದುಕೊಂಡೆ. ಈಗ ಎರಡು ವಾರದಿಂದ ಎಡಗಾಲು ಮರದ ಕೊರಡಿನಂತೆ ಬಿಗಿದಿದೆ. ಮಡಿಸಿದರೆ ತಾನಾಗಿ ನೆಟ್ಟಗಾಗುತ್ತದೆ. ಮೀನಖಂಡ ಸೊರಗಿದೆ. ಸರಿಯಿದ್ದ ಬಲಗಾಲೂ ಮೊನ್ನೆ ನಡುಗಿತು. ಅಪ್ಪನಿಗೆ ಹೇಳಿಲ್ಲ. ಸಿಮೆಂಟು ಗಟ್ಟಿಯಾಗುವಾಗ ಹಾಗಾಗುತ್ತದೆ ಎಂದಾನು.

ಸಿಮೆಂಟು ಗಟ್ಟಿಯಾಗುತ್ತಿದೆಯೇ ಅರ್ಪಿತಾ? ಹೌದೆಂದು ಬರೆ.

ಹೇಮಶ್ರೀ

•

ಪುಣೆ
22 ಏಪ್ರಿಲ್ 2025

ಹೇಮಕ್ಕ,

ಇಲ್ಲ.

ಶಂಕರ್ ಭಾವನಿಗೆ ಇವತ್ತೇ ಫೋನಿನಲ್ಲಿ ಹೇಳಿದ್ದೇನೆ. ಈ ವಾರದಲ್ಲೇ ನಿನ್ನನ್ನು ರಮ್ಯ ಅವರ ಬಳಿ ಕರೆದೊಯ್ಯುತ್ತಾರೆ. ಮೈಸೂರಿನ ಡಾಕ್ಟರಿಗೂ ತಿಳಿಸುತ್ತಾರೆ. ಅವರು ನೋಡುವವರೆಗೆ ಒಬ್ಬಳೇ ಎದ್ದು ನಿಲ್ಲಬೇಡ, ಬೀಳುತ್ತೀ. ಆದರೆ ಮಲಗಿದ್ದಲ್ಲೇ ಕಾಲು ಆಡಿಸು. ಬಳೆ ಒಡೆಯುವುದಿಲ್ಲ.

ಈ ಕಾಗದವನ್ನು ದೊಡ್ಡಪ್ಪನೇ ಓದಲಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ದೊಡ್ಡಪ್ಪ, ನಾಲೆಯ ಹೋಲಿಕೆ ಕೊಟ್ಟವಳು ನಾನು. ಅದು ಅರ್ಧ ದೂರ ಮಾತ್ರ ಸರಿ. ನರ ಸಿಮೆಂಟಿನ ನಾಲೆಯಲ್ಲ. ಯಾವ ಎಳೆಯಲ್ಲಿ ಸುದ್ದಿ ಓಡಾಡುತ್ತದೋ ಆ ಎಳೆಗೇ ಹೊದಿಕೆ ಚೆನ್ನಾಗಿ ಕಟ್ಟುತ್ತದೆ. ಅಲ್ಲಿ ಕೂತ ಗಾರೆಯವರು ನೀರು ನಿಲ್ಲಲಿ ಎಂದು ಕಾಯುತ್ತಿಲ್ಲ. ನೀರು ಹರಿಯುವ ಸದ್ದು ಕೇಳಿಯೇ ಕೆಲವರು ಎದ್ದೇಳುತ್ತಾರೆ. ಇದು ಎಷ್ಟೋ ಪ್ರಯೋಗಾಲಯಗಳು ಇಲಿಯಲ್ಲಿ ಕಂಡ ಮಾತು. ನಡೆದರೆ ಹೇಮಕ್ಕನ ನರ ಪೂರಾ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಲಗಿದರೆ ಆಗುವುದಿಲ್ಲ, ಇರುವುದೂ ಹೋಗುತ್ತದೆ ಎನ್ನುತ್ತಿದ್ದೇನೆ. ಕಾಲು ಬಿಗಿದಿರುವುದು ಸಿಮೆಂಟು ಹಿಡಿದದ್ದರಿಂದ ಅಲ್ಲ, ಆಡಿಸದೆ ಇದ್ದದ್ದರಿಂದ.

ಹೇಮಕ್ಕ, ನಿನಗೆ ಇನ್ನೊಂದು ಮಾತು. ಎಣಿಕೆ ಮುಗಿದಿಲ್ಲ ಎಂದು ಬರೆದಿದ್ದೆ. ಮುಗಿದಿತ್ತು. ವಯಸ್ಸಾದ ಇಲಿಗಳಲ್ಲಿ ಪ್ರೋಟೀನು ಕೊಟ್ಟವಕ್ಕೂ ಬರೀ ಉಪ್ಪುನೀರು ಕೊಟ್ಟವಕ್ಕೂ ವ್ಯತ್ಯಾಸ ಕಾಣಲಿಲ್ಲ. ಬಳೆ ಬರಲಿಲ್ಲ. ಇಂಜಿನಿಯರು ಕೂಗಿದರೂ ಮುದಿ ಗಾರೆಯವರು ಏಳಲಿಲ್ಲ. ನೀನು ಅಷ್ಟು ಆಸೆಯಿಂದ ಕೇಳಿದ್ದೆ, ಬರೆಯಲು ಕೈ ಬರಲಿಲ್ಲ. ಮಾರ್ಚಿನಲ್ಲೇ ಇದನ್ನು ಬರೆದಿದ್ದರೆ ನೀನು ಆಗಲೇ ಎದ್ದಿರುತ್ತಿದ್ದೆಯೇನೋ.

ಅರ್ಪಿತ

•

ಸಂತೆಬಾಚಹಳ್ಳಿ
8 ಜೂನ್ 2025

ಅರ್ಪಿತಾ,

ಸ್ಪೀಡ್ ಪೋಸ್ಟಿನದೂ ಅದರ ನಂತರ ಬಂದ ಎರಡೂ ಸೇರಿ ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ.

ಸ್ಪೀಡ್ ಪೋಸ್ಟಿನ ಕಾಗದವನ್ನು ಅಪ್ಪ ಗಟ್ಟಿಯಾಗಿ ಓದಲಿಲ್ಲ. ತುಟಿಯಲ್ಲೇ ಓದಿ, ಮಡಿಸಿ, ನನ್ನ ದಿಂಬಿನ ಪಕ್ಕ ಇಟ್ಟು ಹೊರಗೆ ಹೋದ. ಸಂಜೆ ನಿಮ್ಮ ಭಾವ ಹುಡುಕಿಕೊಂಡು ಹೋದರೆ ತೂಬಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದನಂತೆ. ಒಂದು ವಾರ ಪಡಸಾಲೆಗೆ ಕಾಲಿಡಲಿಲ್ಲ. ಊಟದ ತಟ್ಟೆಯನ್ನು ಕೊಟ್ಟಿಗೆಗೇ ತರಿಸಿಕೊಂಡ.

ಕೊನೆಗೆ ಅವ್ವ ಮುದ್ದೆಯ ಕೋಲು ಹಿಡಿದುಕೊಂಡೇ ಕೊಟ್ಟಿಗೆಗೆ ಹೋದಳು. ಅವಳ ಮಾತು ಇಲ್ಲಿಗೂ ಕೇಳಿಸಿತು. "ಸರ್ಕಾರದ ಸಿಮೆಂಟು ನೋಡಿ ನೋಡಿ ನಿನ್ ಬುದ್ಧಿನೂ ಸಿಮೆಂಟಾಗದೆ. ನಮ್ ಒಲದ್ ಮಣ್ಗಾಲ್ವೆ ಮರ್ತ್ಬುಟ್ಟಾ? ಬೇಸ್ಗೇಲಿ ಒಣುಗ್ಸಿದ್ರೆ ಬಾಯ್ ಬುಟ್ಕೊಂಡ್ ಬಿರಿತದೆ. ನೀರ್ ಅರೀತಾ ಅರೀತಾ ಗೋಡುಮಣ್ಣು ಕುಂತು ತೂತೆಲ್ಲ ತಾನೇ ಮುಚ್ಕತದೆ. ನಾನ್ ಸೊಸೆಯಾಗಿ ಬಂದಾಗ ನೀನೇ ಯೋಳ್ಕೊಟ್ಟಿದ್ದು."

ಆಮೇಲೆ ಅಪ್ಪನ ದನಿ: "ಊಂ ಕಣೆ. ಮರ್ತಿದ್ದೆ."

"ಮರ್ತಿದ್ರೆ ಎದ್ ಬಾ. ತಟ್ಟೆ ತೊಳ್ಯೋರ್ ಯಾರು, ಎಮ್ಮೆನಾ?"

ಅಪ್ಪ ಒಳಗೆ ಬಂದ. ನನ್ನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ರಮ್ಯ ತೋರಿಸಿಕೊಟ್ಟ ಹಾಗೆ, ಮಡಿಸಿ ಬಿಡಿಸಲು ಶುರುಮಾಡಿದ. ತೂಬಿನ ಚಕ್ರ ತಿರುಗಿಸುವವನ ಕೈ. ಗಟ್ಟಿ ಹಿಡಿಯುತ್ತದೆ, ದಡಬಡ ಮಾಡುವುದಿಲ್ಲ. ಅಂದಿನಿಂದ ಆ ಕೆಲಸ ಅವನದು.

ರಮ್ಯ ಬೈದರು. "ಊರ್ಗೋಗಿದ್ರಂತೆ, ಯಾವೂರಮ್ಮ ಅದು, ಮಂಚದೂರಾ?" ಎಂದರು. ಮೈಸೂರಿನ ಡಾಕ್ಟರು ಬೈಯಲಿಲ್ಲ, ಅದು ಹೆಚ್ಚು ನೋಯಿತು. ಹೊಸ ಗಾಯವಿಲ್ಲ, ಮಾತ್ರೆ ಬಿಡದಿದ್ದದ್ದು ಒಳ್ಳೆಯದಾಯಿತು ಎಂದರು. ಕಳೆದುಕೊಂಡ ಬಲದಲ್ಲಿ ಎಷ್ಟು ವಾಪಸು ಬರುತ್ತದೆ ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದರು.

ನನ್ನ ಸಿಟ್ಟು ನಾಲೆಯ ಹೋಲಿಕೆಯ ಮೇಲಲ್ಲ. ಎಣಿಕೆ ಮುಗಿದಿಲ್ಲ ಎಂದೆಯಲ್ಲ, ಅದರ ಮೇಲೆ. ಇದ್ದದ್ದನ್ನು ಇದ್ದ ಹಾಗೆ ಬರೆ ಎಂದು ಮೊದಲ ದಿನವೇ ಕೇಳಿಕೊಂಡಿದ್ದೆ. ಆದರೆ ಮಂಚದ ಮೇಲೆ ಮಲಗಿ 'ಚೆನ್ನಾಗಿದ್ದೇನೆ' ಎಂದು ಬರೆದವಳು ನಾನೂ ಹೌದು. ಇಬ್ಬರೂ ಹಾಲಿಗೆ ನೀರು ಬೆರೆಸಿದೆವು. ಡೈರಿಯಲ್ಲಾದರೆ ಇಬ್ಬರ ಕ್ಯಾನನ್ನೂ ವಾಪಸು ಕಳಿಸುತ್ತಿದ್ದೆ.

ಬಳೆಯವನು ಈಗ ಬರುವುದಿಲ್ಲ. ನಾಲೆಯ ಕನಸು ಮಾತ್ರ ಇದೆ. ಮೊನ್ನೆ ಅದರಲ್ಲಿ ನೀರು ಪಾದದ ಮಟ್ಟಕ್ಕೆ ಬಂದಿತ್ತು.

ಹೇಮಶ್ರೀ

•

ಪುಣೆ
20 ಜೂನ್ 2025

ಹೇಮಕ್ಕ,

ನೀನು ಬೈದ ಕಾಗದವನ್ನು ಎರಡು ಸಲ ಓದಿ ಹಗುರಾದೆ. ಇನ್ನು ನೀರು ಬೆರೆಸುವುದಿಲ್ಲ. ಈಗ ಇರುವ ವಿಷಯ ಇಷ್ಟು.

ಪ್ರೋಟೀನಿನ ಪ್ರಯೋಗ ನಿಂತಿಲ್ಲ, ಮನುಷ್ಯರ ಹತ್ತಿರಕ್ಕೂ ಬಂದಿಲ್ಲ. ವಯಸ್ಸಾದ ಇಲಿಗಳಲ್ಲಿ ಆ ಎಳೆಯ ಕೋಶಗಳು ಪ್ರೋಟೀನಿನ ಕರೆಗೆ ಯಾಕೆ ಓಗೊಡಲಿಲ್ಲ ಎಂದು ನೋಡುತ್ತಿದ್ದೇವೆ. ಮುಂದಿನ ತಂಡದಲ್ಲಿ ಅರ್ಧ ಇಲಿಗಳ ಗೂಡಿನಲ್ಲಿ ಓಡಲು ಒಂದು ಚಕ್ರ ಇಡುತ್ತೇವೆ. ಅವು ಓಡಲಿ, ಜೊತೆಗೆ ಪ್ರೋಟೀನೂ ಇರಲಿ, ಆಗ ಬಳೆ ಬರುತ್ತದೆಯೇ ನೋಡೋಣ ಎಂದು. ಇದು ನನ್ನ ಯೋಚನೆಯಲ್ಲ, ಮೊದಲೇ ಹಲವರು ಬೇರೆ ಬೇರೆ ರೀತಿಯಲ್ಲಿ ಮಾಡಿದ್ದಾರೆ. ಆದರೆ ಸಭೆಯಲ್ಲಿ ಚಕ್ರದ ಮಾತು ಬಂದಾಗ ನಾನು ದೊಡ್ಡಮ್ಮನ ಮಣ್ಣುಗಾಲುವೆಯ ಮಾತನ್ನು ಹೇಳಿದೆ. ನಮ್ಮ ಮೇಡಂ ನಕ್ಕರು. ಆಮೇಲೆ, ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಈ ಸಲ ಮೊದಲೇ ಯೋಚಿಸು ಎಂದರು. ಗೋಡು ಮೇಲಿನಿಂದ ಹರಿದು ಬರುತ್ತದೆ; ಹೊದಿಕೆ ಕಟ್ಟುವ ಕೋಶ ಅಲ್ಲೇ ಹುಟ್ಟಿ ಬೆಳೆಯಬೇಕು. ಅಲ್ಲಿಗೆ ಆ ಹೋಲಿಕೆಯೂ ಮುಗಿಯುತ್ತದೆ. ದೊಡ್ಡಮ್ಮನಿಗೆ ಹೇಳು.

ನೀನು ಎಷ್ಟು ನಡೆದೆ, ಯಾರ ಹೆಗಲು ಹಿಡಿದೆ, ಬಿದ್ದೆಯೋ, ಎಲ್ಲ ಬರೆ. ಕನಸನ್ನೂ ಬರೆ. ಬೇಡ ಎಂದಿದ್ದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಅರ್ಪಿತ

•

ಸಂತೆಬಾಚಹಳ್ಳಿ
9 ಜುಲೈ 2025

ಅರ್ಪಿತಾ,

ಈ ಕಾಗದದ ಮೇಲಿನ ಮುದ್ರೆ ನೋಡು. ಸಂತೆಬಾಚಹಳ್ಳಿ ಎಂದಿರಬೇಕು.

ಡೈರಿಯವರೆಗೆ ಇನ್ನೂ ನನ್ನಷ್ಟಕ್ಕೆ ಬಂದಿಲ್ಲ. ಅರ್ಧ ದಾರಿ ನಿಮ್ಮ ಭಾವನ ಗಾಡಿಯಲ್ಲಿ, ಅರ್ಧ ದಾರಿ ಕೋಲು ಹಿಡಿದು, ಇನ್ನೊಂದು ಕೈ ಅಪ್ಪನ ಹೆಗಲ ಮೇಲೆ. ಏರಿಯ ಮೇಲೆ ಹೊಸ ಲೈನಿಂಗ್ ಬೆಳ್ಳಗೆ ಹೊಳೆಯುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಅಪ್ಪ ಅದರ ಕಡೆ ನೋಡುವುದಿಲ್ಲ, ನನ್ನ ಪಾದ ನೋಡುತ್ತಾನೆ. "ಎಡಗಾಲು ಎತ್ತು. ಎತ್ತು. ಆಂ. ಇಡು." ಎದುರಿಗೆ ಬಂದ ಕರಿಯಯ್ಯ, "ಏನ್ಲಾ ಮರಿಯ, ಮಗ್ಳಿಗೆ ಪರೇಡ್ ಕಲಿಸ್ತಿದ್ದೀಯಾ?" ಎಂದ. "ನೀರ್ ಬುಡೋ ಕೆಲ್ಸ ಕಣ್ಲಾ, ನಿಂಗೇನ್ ಗೊತ್ತು" ಎಂದ ಅಪ್ಪ.

ಡೈರಿಯಲ್ಲಿ ಕುರ್ಚಿ ಹಾಕಿಸಿಕೊಂಡೆ. ಬೆಳಗಿನ ಹಾಲಿಗೆ ನಿಲ್ಲುತ್ತೇನೆ, ಸಂಜೆಯದಕ್ಕೆ ಕೂರುತ್ತೇನೆ. ಕೂತವಳು ಏಳಬಲ್ಲೆ ಎಂದು ತಿಳಿದ ಮೇಲೆ ಕುರ್ಚಿಯ ಭಯ ಹೋಯಿತು. ಮೊದಲ ದಿನ ಸೋಮಮ್ಮ, "ಇಲಿಗೂ ಚಕ್ರ ಇಡ್ತಾರಂತೆ, ನಿಂಗೂ ಒಂದ್ ತರ್ಸಮ್ಮಿ" ಎಂದಳು. ಅಪ್ಪ ಈಗಲೂ ನಿನ್ನ ಕಾಗದವನ್ನು ಜಗುಲಿಯ ಮೇಲೇ ಓದುತ್ತಾನೆ, ನೋಡು.

ಎಡಗಾಲಿನ ಬಲ ಮಂಚ ಹಿಡಿಯುವ ಮೊದಲು ಇದ್ದಷ್ಟು ಇಲ್ಲ. ಮೊಣಕಾಲಿನ ಬಿಗಿ ಉಳಿದಿದೆ. ಅದು ಹೋಗದೆಯೂ ಇರಬಹುದು ಎಂದು ರಮ್ಯ ಹೇಳಿದ್ದಾರೆ. ನಾನೂ ಬೆರೆಸದೆ ಬರೆಯುತ್ತಿದ್ದೇನೆ.

ಕನಸು ಕೇಳಿದೆಯಲ್ಲ. ನಾಲೆಯಲ್ಲಿ ನೀರು ಮೊಣಕಾಲಿನವರೆಗೆ ಬಂದಿದೆ. ಗಾರೆಯವರೂ ನೀರಿನಲ್ಲೇ ನಿಂತಿದ್ದಾರೆ, ಕೆಲವರು ಕೆಲಸ ಮಾಡುತ್ತಿದ್ದಾರೆ, ಕೆಲವರು ಇಲ್ಲ. ನಾನು ಯಾರನ್ನೂ ಕೂಗುವುದಿಲ್ಲ. ಅವರ ನಡುವೆ ನೀರು ತಳ್ಳಿಕೊಂಡು ನಡೆಯುತ್ತೇನೆ. ಬೆನ್ನಿನ ಹಿಂದೆ ನೀರಿನ ಮೇಲೆ ಉಂಗುರಗಳು, ತೆಳ್ಳಗೆ, ನೀಲಿ.

ಕೆಳಗೆ ಅಪ್ಪ ಬರೆಯಬೇಕಂತೆ, ಜಾಗ ಬಿಟ್ಟಿದ್ದೇನೆ.

"ಕೂಸೆ ಅರ್ಪಿತಾ. ತಪ್ ನಿಂದಲ್ಲ. ನಾಲೆ ಅಂದ್ರೆ ನಂಗೊಂದೇ ನಾಲೆ ಗೊತ್ತಿತ್ತು. ನಿನ್ ಮುದಿ ಇಲಿಗಳ್ನ ಚೆನ್ನಾಗ್ ಓಡ್ಸು. ಅವಕ್ಕೂ ಒಂದ್ ಮನಸ್ ಬರ್ಲಿ. ಹಬ್ಬುಕ್ ಬಾ. ಮರಿಯಯ್ಯ."

ನಾಲೆಗೆ ನೀರು ಬಿಡುವುದು ಜುಲೈ 14, ಸೋಮವಾರ, ಬೆಳಗ್ಗೆ ಎಂಟು ಗಂಟೆಗೆ. ಅದೇ ದಿನ ಹತ್ತೂವರೆಗೆ ಕೆ.ಆರ್. ಪೇಟೆಯಲ್ಲಿ ರಮ್ಯ ಅವರ ಬಳಿ ಮುಂದಿನ ವ್ಯಾಯಾಮ.

ಹೇಮಶ್ರೀ